ಮಿಲ್ಲಿನ ಕ್ಯಾಲ್ಕುಲೇಟರಿನಲ್ಲಿ 8191

ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಭತ್ತದ ಆವಕ ನಿಂತರೆ ಮಧ್ಯಾಹ್ನ ಕೈಗೆ ಕೆಲಸವಿಲ್ಲ. 2024ರ ಅಕ್ಟೋಬರಿನಲ್ಲಿ 4,10,24,320 ಅಂಕಿಗಳ ಅವಿಭಾಜ್ಯ ಸಂಖ್ಯೆ ಸಿಕ್ಕಿತೆಂದು ಓದಿದ್ದೆ. 2ರ ಘಾತ 13,62,79,841, ಅದರಲ್ಲಿ ಒಂದು ಕಡಿಮೆ. ಅಷ್ಟುದ್ದದ್ದನ್ನು ಯಾವುದರಿಂದ ಭಾಗಿಸಿ ನೋಡುವುದು? ಚಿಕ್ಕಪುಟ್ಟ ಭಾಜಕಗಳನ್ನು ಮೊದಲು ಹುಡುಕುತ್ತಾರೆ ನಿಜ, ಆದರೆ ಕೊನೆಯ ತೀರ್ಮಾನ ಲ್ಯೂಕಾ ಮತ್ತು ಲೆಹ್ಮರ್ ಅವರ ನಿಯಮದ್ದು. ಅದನ್ನೇ ನನ್ನ 12 ಅಂಕಿಯ ಕ್ಯಾಲ್ಕುಲೇಟರಿನಲ್ಲಿ ಮಾಡಿ ನೋಡೋಣ ಅನ್ನಿಸಿತು. ಆರಿಸಿಕೊಂಡದ್ದು 8191, ಅಂದರೆ 2ರ ಘಾತ 13ರಲ್ಲಿ ಒಂದು ಕಡಿಮೆ.

ನಿಯಮ ಇಷ್ಟೇ. 4ರಿಂದ ಶುರು. ವರ್ಗ ಮಾಡಿ, 2 ಕಳೆದು, 8191ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಬೇಕು. 75 ಕೆ.ಜಿ. ಚೀಲಗಳನ್ನು ತುಂಬಿ, ಮಿಕ್ಕ ಭತ್ತವನ್ನಷ್ಟೇ ಬರೆದುಕೊಂಡಂತೆ. ಆ ಶೇಷಕ್ಕೂ ಹಾಗೇ. ಘಾತ 13 ಆದ್ದರಿಂದ ಎರಡು ಕಡಿಮೆ, 11 ಸಲ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಇಲ್ಲದಿದ್ದರೆ ಅಲ್ಲ.

14, 194, 4870, 3953... ಹಳೆಯ ಬಿಲ್ಲಿನ ಬೆನ್ನಿಗೆ ಬರೆಯುತ್ತಾ ಹೋದೆ. ಹಮಾಲಿ ಹುಡುಗನೊಬ್ಬ ಇಣುಕಿ, "ಯಾರ ಬಾಕೀರಿ ಅಣ್ಣಾರ? ಮುಗಿಯಾಂಗ ಕಾಣವಲ್ದು" ಅಂದ. ಸೊನ್ನೆ ಆಗಬೇಕಪ್ಪಾ ಅಂದೆ. ಆಗಲಿಲ್ಲ. 1025 ಉಳಿಯಿತು.

ತಪ್ಪು ನನ್ನದೋ, ಸಂಖ್ಯೆಯೇ ಅಂಥದ್ದೋ? ಇದಕ್ಕೊಂದು ಅಡ್ಡದಾರಿ ಇದೆ. ಇಂಥ ಸಂಖ್ಯೆಯನ್ನು ಭಾಗಿಸುವ ಯಾವ ಅವಿಭಾಜ್ಯವೇ ಆಗಲಿ, ಘಾತದ ಎರಡರಷ್ಟರ, ಇಲ್ಲಿ 26ರ, ಗುಣಕಕ್ಕಿಂತ ಒಂದು ಹೆಚ್ಚಿರಲೇಬೇಕು. 8191ರ ವರ್ಗಮೂಲ 90ರ ಆಸುಪಾಸು. ಅಷ್ಟರೊಳಗೆ 27, 53, 79 ಮಾತ್ರ. 27 ಅವಿಭಾಜ್ಯವೇ ಅಲ್ಲ. 53ರಿಂದ ಭಾಗಿಸಿದರೆ 29 ಉಳಿಯಿತು, 79ರಿಂದ 54. ಮುಗೀತು, 8191 ಅವಿಭಾಜ್ಯ. ಎರಡೇ ಭಾಗಾಕಾರ! ಘಾತ 31ರ 2,14,74,83,647 ಅವಿಭಾಜ್ಯವೆಂದು 1772ರಲ್ಲಿ ಆಯ್ಲರ್ ತೋರಿಸಿದ್ದು ಭಾಜಕಗಳನ್ನು ಹೀಗೆ ಸೋಸಿಯೇ.

ಅಂದಮೇಲೆ ತಪ್ಪು ನನ್ನದೇ. ಚೀಟಿಯನ್ನು ಮೊದಲಿನಿಂದ ತಾಳೆ ನೋಡಿದೆ. ಏಳನೇ ಸಾಲಿನಲ್ಲಿ 1857ರ ವರ್ಗದಿಂದ 2 ಕಳೆದೇ ಇರಲಿಲ್ಲ. 36 ಇರಬೇಕಾದಲ್ಲಿ 38. ಲೆಕ್ಕದವನಿಗೆ ಇದಕ್ಕಿಂತ ನಾಚಿಕೆ ಬೇಕೆ? ಎರಡು ರೂಪಾಯಿ ತಪ್ಪಿದರೆ ದಿನದ ಕೊನೆಗೆ ಎರಡೇ ರೂಪಾಯಿ ತಪ್ಪುತ್ತದೆ. ಇಲ್ಲಿ ಆ ಎರಡು ಪ್ರತಿ ವರ್ಗದಲ್ಲೂ ಸಿಡಿದು, ಮುಂದಿನ ಸಾಲುಗಳಿಗೂ ನಿಜಕ್ಕೂ ಸಂಬಂಧವೇ ಉಳಿಯಲಿಲ್ಲ.

ಮತ್ತೆ 36ರಿಂದ ಹಿಡಿದೆ. 1294, 3470, 128. ಕೊನೆಯದಕ್ಕೆ ಕ್ಯಾಲ್ಕುಲೇಟರ್ ಬೇಕಾಗಲಿಲ್ಲ: 128ರ ವರ್ಗ 16384, ಎರಡು ಕಳೆದರೆ 16382, ಅಂದರೆ 8191ರ ಸರಿಯಾಗಿ ಎರಡರಷ್ಟು. ಸೊನ್ನೆ.

ಮರುದಿನ ಘಾತ 11ರ 2047 ಹಿಡಿದೆ. 1736ಕ್ಕೆ ನಿಂತಿತು. ಈ ಸಲ ತಪ್ಪು ನನ್ನದಲ್ಲ. 2047 ಎಂದರೆ 23 ಗುಣಿಸು 89. ಆದರೆ ಆ 1736 ನೋಡಿ 23 ಇದೆಯೆಂದು ಗೊತ್ತಾಗುವುದೇ ಇಲ್ಲ. ಒಡೆಯುತ್ತದೆ ಎನ್ನುತ್ತದೆ, ಎಲ್ಲಿ ಅಂತ ಹೇಳುವುದಿಲ್ಲ.

ನನ್ನ ಕ್ಯಾಲ್ಕುಲೇಟರ್ ಘಾತ 19ರವರೆಗೆ ತಾಳುತ್ತದೆ. 31ಕ್ಕೆ ಹೋದರೆ ವರ್ಗಕ್ಕೇ 19 ಅಂಕಿ ಬೇಕು. ಅದನ್ನು ಕೈಯಲ್ಲೇ ಗುಣಿಸಬೇಕು, ಮುಂದಿನ ಸುಗ್ಗಿಯೊಳಗೆ.