ಹಾಡು ಶುರುವಾಗೋ ಮುಂಚಿನ ಒಂದು ನಿಮಿಷ

ಸಿನಿಮಾಗೆ ಡೈರೆಕ್ಟರೇ ಲೇಖಕ ಅನ್ನೋದನ್ನ ನಮ್ಮ ಫಿಲ್ಮ್ ಸೊಸೈಟಿಯವರಿಗೆ ಒಪ್ಪಿಸೋಕೆ ಎರಡು ವರ್ಷ ಒದ್ದಾಡಿದೆ. 1954ರಲ್ಲಿ ಫ್ರಾನ್ಸಿನ ವಿಮರ್ಶಕ ತ್ರೂಫೊ ಈ ವಾದ ಎತ್ತಿದ್ದು, 1962ರಲ್ಲಿ ಅಮೆರಿಕದ ವಿಮರ್ಶಕ ಸಾರಿಸ್ ಅದನ್ನ ಸಿದ್ಧಾಂತ ಅಂತ ಬರೆದಿದ್ದು. ನಾನು ಅದನ್ನೇ ಮೊದಲ ಶೋಗೆ ಮುಂಚೆ ಮುಕ್ಕಾಲು ಗಂಟೆ ಕೊರೆದೆ. ಅವತ್ತು ಸುಮಾರು 60 ಜನ ಇದ್ದರು. ಮುಂದಿನ ತಿಂಗಳು 11. ಹಾಲ್ ಬಾಡಿಗೆ 1,500, ಪ್ರೊಜೆಕ್ಟರ್‌ಗೆ 800, ಮೇಲೆ ಕಾಫಿ. ವರ್ಷದಲ್ಲಿ ಕೈಯಿಂದ ಹೋಗಿದ್ದು ಹದಿನಾಲ್ಕು ಸಾವಿರದ ಆಸುಪಾಸು. "ಸಾರ್, ಜನ ಬರೋದು ಕಥೆಗೆ, ಹೀರೋಗೆ. ಡೈರೆಕ್ಟರ್ ಯಾರಾದ್ರೇನು?" ಅಂದುಬಿಟ್ಟರು ನಮ್ಮ ಖಜಾಂಚಿ.

ಆಮೇಲೆ ಹಿಂದಿ ಸಿನಿಮಾದ ಡೈರೆಕ್ಟರ್, ನಟ ಗುರುದತ್ ಅವರನ್ನ ಹಿಡಿದೆ. ಬೆಂಗಳೂರಲ್ಲಿ ಹುಟ್ಟಿದವರು, ಅವರ ಸಿನಿಮಾಗಳ ಕ್ಯಾಮೆರಾ ಮೈಸೂರಿನ ವಿ.ಕೆ. ಮೂರ್ತಿಯವರದು. ಹಾಗಾಗಿ ನಮ್ಮವರಿಗೆ ಸ್ವಲ್ಪ ಅಭಿಮಾನ. ಟೈಟಲ್ ಕತ್ತರಿಸಿ ತುಣುಕು ತೋರಿಸೋದು, ಯಾವೆರಡು ಒಬ್ಬರದೇ ಕೈ ಅಂತ ಚೀಟಿ ಬರೆಸೋದು, ಇಷ್ಟೇ ಐಡಿಯಾ. ಮೊದಲ ಸಲ ಗುರುದತ್ ಮುಖ ಕಂಡ ತಕ್ಷಣ ಹಾಲ್ ತುಂಬ ಉತ್ತರ. ಸೌಂಡ್ ಆಫ್ ಮಾಡಿ ನೋಡಿದೆ. ಅದೂ ಕೆಟ್ಟಿತು. ಮೂರ್ತಿಯವರ ನೆರಳು ಬೆಳಕು ಕಂಡಿದ್ದೆಲ್ಲ ಗುರುದತ್‌ದೇ ಅಂದರು.

ಕೊನೆಗೆ ಹಾಸ್ಯನಟ ಜಾನಿ ವಾಕರ್ ಕೈಹಿಡಿದ. 'ಮಿಸ್ಟರ್ ಅಂಡ್ ಮಿಸೆಸ್ 55' ಕಾಮಿಡಿ, 'ಪ್ಯಾಸಾ' ಟ್ರ್ಯಾಜಿಡಿ, 'ಸಿಐಡಿ' ಪೊಲೀಸ್ ಕಥೆ. ಮೂರರಲ್ಲೂ ಜಾನಿ ವಾಕರ್‌ಗೊಂದು ಹಾಡು, ಮೂರಕ್ಕೂ ಕ್ಯಾಮೆರಾ ಮೂರ್ತಿಯವರದು, ಹಾಡಿದ್ದು ರಫಿ. ಮೊದಲೆರಡಕ್ಕೆ ಡೈರೆಕ್ಟರ್ ಗುರುದತ್. ಆದರೆ 'ಸಿಐಡಿ'ಗೆ ಗುರುದತ್ ಬರೀ ನಿರ್ಮಾಪಕ, ಡೈರೆಕ್ಟರ್ ರಾಜ್ ಖೋಸ್ಲಾ. ಸಂಗೀತ ಲೆಕ್ಕ ಹಿಡಿದರೆ 'ಸಿಐಡಿ' ಮತ್ತು '55' ಜೋಡಿ, ಎರಡೂ ಸಂಗೀತ ನಿರ್ದೇಶಕ ಓ.ಪಿ. ನಯ್ಯರ್ ಅವರದು. ಪೂರ್ತಿ ಹಾಡು ಹಾಕಿದಾಗ ಜನ ಹಾಗೇ ಜೋಡಿಸಿದರು.

ಆಗ ಹಾಡನ್ನೇ ಕತ್ತರಿಸಿದೆ. ಹಾಡಿಗೆ ಮುಂಚಿನ ಒಂದು ನಿಮಿಷ, ಮೇಲೆ ಮೊದಲ ಸಾಲು, ಅಷ್ಟೇ. 'ಪ್ಯಾಸಾ'ದಲ್ಲಿ ಎಣ್ಣೆ ಮಾಲೀಶು ಮಾಡೋನು ಗಿರಾಕಿ ಕೂಗ್ತಾ ಇರ್ತಾನೆ. ಆ ಕೂಗೇ ಹಾಡಾಗಿಬಿಡುತ್ತೆ. '55'ರ ಆಫೀಸಿನಲ್ಲಿ ಕಳೆದುಹೋದ ಹೃದಯ ಹುಡುಕೋ ಮಾತೇ ಹಾಡು. ಮಾತು ಎಲ್ಲಿ ಮುಗೀತು ಅಂತ ಬೆರಳಿಟ್ಟು ತೋರಿಸೋಕಾಗಲ್ಲ. 'ಸಿಐಡಿ' ಹಾಡು ಕಥೆಯಿಂದ ಒಂದು ಹೆಜ್ಜೆ ಆಚೆ ನಿಂತು ಬೊಂಬಾಯಿಯನ್ನೇ ಹಾಡುತ್ತೆ. ಒಳ್ಳೆ ಹಾಡೇ, ಆದರೆ ಕೈ ಬೇರೆ. ಅವತ್ತು 40 ಚೀಟಿಯಲ್ಲಿ ಮೂವತ್ತರ ಮೇಲೆ ಸರಿ ಬಂತು. ತುಣುಕುಗಳ ಸರದಿ ಮಾತ್ರ ಹೇಳಲ್ಲ. ಗುಟ್ಟಿರೋದೇ ಅಲ್ಲಿ.

ಮಧ್ಯೆ ಒಂದು ಹುಚ್ಚೂ ಆಯ್ತು. ಗುರುದತ್ ಅವರದೇ 'ಕಾಗಜ್ ಕೇ ಫೂಲ್'ನಲ್ಲಿ ಕತ್ತಲ ಸ್ಟುಡಿಯೋ ಒಳಗೆ ಬೀಳೋ ಆ ಬೆಳಕಿನ ಕೋಲನ್ನು ಮೂರ್ತಿಯವರು ಕನ್ನಡಿಯಿಂದ ಬಿಸಿಲು ತಿರುಗಿಸಿ ಮಾಡಿದ್ದು ಅಲ್ವಾ? ಮನೆಯ ಎರಡು ಕನ್ನಡಿ, ಒಂದಿಷ್ಟು ಸಾಂಬ್ರಾಣಿ ಹೊಗೆ ಇಟ್ಟುಕೊಂಡು ನಾನೂ ಮಾಡಿದೆ. ಬೆಳಕು ಬಂತು. ಒಂದು ಕನ್ನಡಿ ಹೋಯ್ತು. ಅದರ ದುಡ್ಡನ್ನೂ ಸೊಸೈಟಿ ಲೆಕ್ಕಕ್ಕೆ ಬರೆದಿದ್ದೇನೆ.

ಈಗ ಶೋಗೆ 70 ಜನ ಗ್ಯಾರಂಟಿ. ಹೋದ ತಿಂಗಳು 'ಸಾಹಿಬ್ ಬೀಬಿ ಔರ್ ಗುಲಾಮ್' ಹಾಕಿದೆ. ಗುರುದತ್ ಅದರ ನಿರ್ಮಾಪಕ, ಟೈಟಲ್‌ನಲ್ಲಿ ಡೈರೆಕ್ಟರ್ ಅಬ್ರಾರ್ ಅಲ್ವಿ. ಖಜಾಂಚಿ ಮಾತ್ರ, "ಹಾಡು ನೋಡಿ ಸಾರ್, ಇದು ಗುರುದತ್ ಕೈಯೇ" ಅಂತ ಎದ್ದು ನಿಂತು ಜಗಳಕ್ಕೆ ಇಳಿದರು. ವಾಚ್‌ಮನ್ ಲೈಟ್ ಆರಿಸೋ ತನಕ ಕೂತಿರಲಿಲ್ಲ.