ಬೀಚ್ ಪ್ರವಾಸದಲ್ಲಿ ಹೊಟ್ಟೆ ಕೆಟ್ಟರೆ: ಓಆರ್‌ಎಸ್ ಕಲಸುವುದು ಹೇಗೆ, ಕುಡಿಯುವುದು ಹೇಗೆ?

ಒಂದು ಲೀಟರ್ ನೀರಿಗೆಂದು ತಯಾರಿಸಿದ ಓಆರ್‌ಎಸ್ ಪುಡಿಯನ್ನು ಒಂದೇ ಲೋಟಕ್ಕೆ ಸುರಿದು ಗಟಗಟ ಕುಡಿಯುವುದು, ಐದು ನಿಮಿಷದಲ್ಲಿ ಅಷ್ಟನ್ನೂ ಕಕ್ಕುವುದು, ‘ಇದು ನನ್ನ ಮೈಗೆ ಒಗ್ಗುವುದಿಲ್ಲ’ ಎಂದು ಕೋಲಾ ಬಾಟಲಿ ತೆರೆಯುವುದು. ಉಷ್ಣವಲಯದ ಕಡಲತೀರಕ್ಕೆ ಹೋಗಿ ಹೊಟ್ಟೆ ಕೆಡಿಸಿಕೊಂಡವರಲ್ಲಿ ಬಹಳ ಮಂದಿ ಎಡವುವುದು ಇಲ್ಲೇ. ಎಷ್ಟೇ ಎಚ್ಚರ ವಹಿಸಿದರೂ ಭೇದಿಯನ್ನು ಪೂರ್ತಿ ತಪ್ಪಿಸಲಾಗದು. ಆದರೆ ಶುರುವಾದ ಮೊದಲ ದಿನ ಮೈಯಿಂದ ಹೋದ ನೀರು, ಉಪ್ಪನ್ನು ಸರಿಯಾಗಿ ತುಂಬಿಕೊಂಡರೆ ಹೆಚ್ಚಿನವರು ರೂಮಿನಲ್ಲೇ ಸುಧಾರಿಸಿಕೊಳ್ಳುತ್ತಾರೆ. ಬಿಸಿಲಿನ ಬೆವರೂ ಸೇರಿಕೊಳ್ಳುವ ಬೀಚಿನಲ್ಲಿ ಈ ಲೆಕ್ಕ ತಪ್ಪಿದರೆ ಸುಸ್ತು ಬಹಳ ಬೇಗ ಏರುತ್ತದೆ.

ಹಂತ 1: ಹೊರಡುವ ಮುನ್ನ

ತಲೆಗೆ ನಾಲ್ಕರಿಂದ ಆರು ಒಂದು ಲೀಟರಿನ ಓಆರ್‌ಎಸ್ ಪೊಟ್ಟಣ, 5 ಮಿ.ಲೀ. ಅಳತೆಯ ಚಮಚ, ಥರ್ಮಾಮೀಟರ್, ಪ್ಯಾರಸಿಟಮಾಲ್, ಒಂದು ಸಣ್ಣ ಸೋಪು. ಮಕ್ಕಳಿದ್ದರೆ ವೈದ್ಯರನ್ನು ಕೇಳಿ ಜಿಂಕ್ ಮಾತ್ರೆಯನ್ನೂ ಇಟ್ಟುಕೊಳ್ಳಿ. ಎದೆಯುರಿಗೆ ದಿನವೂ ಆಮ್ಲ ಕಡಿಮೆ ಮಾಡುವ ಮಾತ್ರೆ ನುಂಗುವವರಿಗೆ ಸೋಂಕು ಸುಲಭವಾಗಿ ತಗಲುತ್ತದೆ. ರೋಗಾಣುಗಳನ್ನು ಕೊಲ್ಲುವ ಮೊದಲ ಕಾವಲು ಹೊಟ್ಟೆಯ ಆಮ್ಲವೇ ಅಲ್ಲವೇ? ಅಂಥವರು ಹೊರಡುವ ಮೊದಲೇ ವೈದ್ಯರ ಹತ್ತಿರ ಮಾತಾಡಿ.

ಪೊಟ್ಟಣ ಕೊಳ್ಳುವಾಗ ಹಿಂಬದಿ ಓದಿ. ವಿಶ್ವ ಆರೋಗ್ಯ ಸಂಸ್ಥೆ 2002ರಿಂದ ಹೇಳುತ್ತಿರುವ ಸೂತ್ರದಲ್ಲಿ ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಗ್ಲುಕೋಸ್ 13.5 ಗ್ರಾಂ ಇರುತ್ತದೆ. ಒಟ್ಟು 20.5 ಗ್ರಾಂ. ಪೊಟ್ಟಣದ ತೂಕ 4 ಗ್ರಾಂ ಆಸುಪಾಸಿನಲ್ಲಿದ್ದರೆ ಅದು 200 ಮಿ.ಲೀ.ಗೆ ಮಾಡಿದ್ದು. ಎರಡನ್ನೂ ಒಂದೇ ಚೀಲದಲ್ಲಿ ಬೆರೆಸಿ ಇಡಬೇಡಿ, ಮಧ್ಯರಾತ್ರಿ ಗೊಂದಲವಾಗುತ್ತದೆ. ಓಆರ್‌ಎಸ್‌ನಂತೆಯೇ ಕಾಣುವ, ಹಣ್ಣಿನ ಚಿತ್ರವಿರುವ ರೆಡಿಮೇಡ್ ಡಬ್ಬಿಗಳೂ ಸಿಗುತ್ತವೆ. 100 ಮಿ.ಲೀ.ಗೆ ಸಕ್ಕರೆ 8–10 ಗ್ರಾಂ ಎಂದು ಬರೆದಿದ್ದರೆ ಅದು ಜ್ಯೂಸ್, ಔಷಧವಲ್ಲ. ಅಸಲಿ ದ್ರಾವಣದಲ್ಲಿ ಅಷ್ಟೇ ನೀರಿಗೆ ಇರುವ ಗ್ಲುಕೋಸ್ 1.35 ಗ್ರಾಂ ಮಾತ್ರ.

ಹಂತ 2: ಯಾವ ಬಗೆಯ ಕಾಯಿಲೆ?

24 ಗಂಟೆಯಲ್ಲಿ ಮೂರು ಅಥವಾ ಹೆಚ್ಚು ಸಲ ನೀರು ಭೇದಿ, ಜೊತೆಗೆ ಹೊಟ್ಟೆ ನುಲಿತ, ವಾಕರಿಕೆ ಅಥವಾ ಜ್ವರವಿದ್ದರೆ ಅದು ಪ್ರವಾಸಿಗರ ಭೇದಿ. ಇದಕ್ಕೆ ಹೆಚ್ಚಾಗಿ ಕಾರಣ ಬ್ಯಾಕ್ಟೀರಿಯಾ, ಅದರಲ್ಲೂ ವಿಷ ಉಗುಳುವ ಒಂದು ಬಗೆಯ ಇ. ಕೋಲಿ. ಊಟ ಮಾಡಿ 1–6 ಗಂಟೆಯೊಳಗೆ ಜೋರು ವಾಂತಿಯಾದರೆ, ಹೊರಗಿಟ್ಟ ಆಹಾರದಲ್ಲಿ ಮೊದಲೇ ಸೇರಿಕೊಂಡಿದ್ದ ವಿಷದ ಮೇಲೆ ಅನುಮಾನಪಡಿ. ಇದು ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತದೆ. ನೊರೊವೈರಸ್ ಆದರೆ ಮೈ ಸೇರಿದ ಮೇಲೆ ಕಾಯಿಲೆ ಕಾಣಿಸಿಕೊಳ್ಳಲು 12–48 ಗಂಟೆ ಹಿಡಿಯುತ್ತದೆ, ರೂಮಿನಲ್ಲಿದ್ದವರಿಗೆಲ್ಲ ಹಬ್ಬುತ್ತದೆ. ‘ನಿನ್ನೆ ರಾತ್ರಿಯ ಮೀನೇ ಕಾರಣ’ ಎಂದು ಒಂದೇ ಊಟವನ್ನು ದೂರುವುದು ಹಾಗಾಗಿ ಎಷ್ಟೋ ಸಲ ತಪ್ಪು ಊಹೆ.

ಮೀನಿನ ವಿಷಯದಲ್ಲಿ ಎರಡು ಸಂಗತಿ ಮಾತ್ರ ಬೇರೆ. ತಿಂದ ಕೆಲವೇ ನಿಮಿಷದಿಂದ ಗಂಟೆಯೊಳಗೆ ಮುಖ ಕೆಂಪಾಗಿ, ತಲೆನೋವು ಬಂದು, ಮೈ ಕಡಿಯತೊಡಗಿದರೆ ಅದು ಸರಿಯಾಗಿ ತಂಪಿನಲ್ಲಿಡದ ಮೀನಿನಲ್ಲಿ ಸೇರಿಕೊಂಡ ಹಿಸ್ಟಮಿನ್, ಅಂದರೆ ಅಲರ್ಜಿಯಂಥ ಲಕ್ಷಣ ತರುವ ರಾಸಾಯನಿಕ. ಬಾಯಿಯ ಸುತ್ತ ಜುಮುಜುಮು, ತಣ್ಣನೆಯ ವಸ್ತು ಮುಟ್ಟಿದರೆ ಸುಟ್ಟಂಥ ಅನುಭವವಾದರೆ ಹವಳದ ದಿಬ್ಬಗಳ ದೊಡ್ಡ ಮೀನುಗಳಲ್ಲಿರುವ ಸಿಗ್ವಟೆರಾ ವಿಷ. ಎಷ್ಟು ಬೇಯಿಸಿದರೂ ಅದು ನಾಶವಾಗುವುದಿಲ್ಲ. ಈ ಎರಡಕ್ಕೂ ಓಆರ್‌ಎಸ್ ನಂಬಿ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಹಂತ 3: ಕಲಸುವುದು

ಕೆಲಸ ಕೆಡುವುದು ಇಲ್ಲಿ. ಓಆರ್‌ಎಸ್ ಎಂದರೆ ಉಪ್ಪು–ಸಕ್ಕರೆಯ ನೀರಷ್ಟೇ ಅಲ್ಲ, ಅದೊಂದು ಲೆಕ್ಕ. ಭೇದಿಯಾಗುವಾಗಲೂ ಸಣ್ಣ ಕರುಳಿನ ಗೋಡೆಯಲ್ಲಿ ಒಂದು ಬಾಗಿಲು ತೆರೆದೇ ಇರುತ್ತದೆ. ಅಲ್ಲಿ ಗ್ಲುಕೋಸ್ ಮತ್ತು ಸೋಡಿಯಂ ಜೋಡಿಯಾಗಿ ಒಳಹೋಗುತ್ತವೆ, ಅವುಗಳ ಬೆನ್ನಿಗೆ ನೀರು ಹೋಗುತ್ತದೆ. ಜೋಡಿ ಕೂಡಬೇಕಾದರೆ ಎರಡೂ ಸಮ ಇರಬೇಕು, ತೂಕದಲ್ಲಲ್ಲ, ಕಣಗಳ ಎಣಿಕೆಯಲ್ಲಿ: ಲೀಟರಿಗೆ 75 ಮಿಲಿಮೋಲ್ ಗ್ಲುಕೋಸ್, 75 ಮಿಲಿಮೋಲ್ ಸೋಡಿಯಂ. ಎಲ್ಲ ಕಣ ಸೇರಿ ಸಾಂದ್ರತೆ ಲೀಟರಿಗೆ 245 ಮಿಲಿಆಸ್ಮೋಲ್, ರಕ್ತಕ್ಕಿಂತ ತುಸು ತೆಳು. ಅದಕ್ಕೇ ನೀರು ಕರುಳಿನಿಂದ ರಕ್ತದ ಕಡೆಗೆ ಹರಿಯುತ್ತದೆ.

ಅದೇ ಒಂದು ಲೀಟರಿನ ಪುಡಿಯನ್ನು 200 ಮಿ.ಲೀ.ಗೆ ಹಾಕಿದರೆ ಎಲ್ಲವೂ ಐದು ಪಟ್ಟು. ಸೋಡಿಯಂ ಲೆಕ್ಕದಲ್ಲಿ ಅದು ಸಮುದ್ರದ ನೀರಿನ ಮುಕ್ಕಾಲು ಭಾಗಕ್ಕೂ ಮಿಕ್ಕಿ ಉಪ್ಪು. ನೀರು ಒಳಗೆ ಹೋಗುವ ಬದಲು ಮೈಯಿಂದ ಕರುಳಿಗೆ ಎಳೆದುಕೊಂಡು ಬರುತ್ತದೆ. ಭೇದಿ ಹೆಚ್ಚುತ್ತದೆ, ವಾಕರಿಕೆ ಹೆಚ್ಚುತ್ತದೆ, ಸಣ್ಣ ಮಕ್ಕಳಿಗಂತೂ ರಕ್ತದಲ್ಲಿ ಸೋಡಿಯಂ ಏರಿ ಅಪಾಯವಾಗುತ್ತದೆ. ನೀರು ಜಾಸ್ತಿಯಾದರೆ ಇಷ್ಟು ಕೇಡಿಲ್ಲ, ಆದರೆ ಹೋದ ಉಪ್ಪು ತುಂಬುವುದಿಲ್ಲ.

ಮಾಡಬೇಕಾದ್ದು ಇಷ್ಟು. ಕೈಯನ್ನು ಸೋಪಿನಲ್ಲಿ 20 ಸೆಕೆಂಡ್ ತೊಳೆಯಿರಿ. ಸೀಲ್ ಒಡೆಯದ ಒಂದು ಲೀಟರಿನ ನೀರಿನ ಬಾಟಲಿ ತೆಗೆದುಕೊಳ್ಳಿ. ಅದು ಕತ್ತಿನವರೆಗೆ ತುಂಬಿರುವುದರಿಂದ ಪುಡಿ ಹಾಕಿ ಅಲ್ಲಾಡಿಸಲು ಆಗುವುದಿಲ್ಲ. ಹಾಗಾಗಿ ಒಂದು ಲೋಟ ನೀರನ್ನು ಶುದ್ಧ ಲೋಟಕ್ಕೆ ಬಗ್ಗಿಸಿಕೊಳ್ಳಿ, ಪೊಟ್ಟಣದ ಪುಡಿ ಅಷ್ಟನ್ನೂ ಬಾಟಲಿಗೆ ಸುರಿಯಿರಿ, ಅಲ್ಲಾಡಿಸಿ, ಲೋಟದ ನೀರನ್ನು ವಾಪಸ್ ಹಾಕಿ ಮತ್ತೆ ಅಲ್ಲಾಡಿಸಿ. ಆ ಲೋಟದ ನೀರನ್ನು ಬಾಯಾರಿಕೆಗೆ ಕುಡಿದುಬಿಟ್ಟರೆ ಅಳತೆ ಹೋಯಿತು. ಅರ್ಧ ಲೀಟರಿನ ಬಾಟಲಿಗಳೇ ಇದ್ದರೆ ಎರಡನ್ನು ತೊಳೆದ ಜಗ್ಗಿಗೆ ಸುರಿದು ಅಲ್ಲಿ ಕಲಸಿ. ಪೊಟ್ಟಣದ ಪುಡಿಯನ್ನು ಕಣ್ಣಂದಾಜಿನಲ್ಲಿ ಅರ್ಧ ಮಾಡುವ ಸಾಹಸ ಬೇಡ. ಹರಳುಗಳು ಸಮವಾಗಿ ಬೆರೆತಿರುವುದಿಲ್ಲ, ಒಂದು ಅರ್ಧಕ್ಕೆ ಉಪ್ಪೇ ಜಾಸ್ತಿ ಹೋಗಬಹುದು.

ನಂಬುವ ನೀರಿಲ್ಲದಿದ್ದರೆ ಕುದಿಸಿ: ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ. ತಾನೇ ಆರಿಹೋಗುವ ಕೆಟಲ್ ಆದರೆ ಮುಚ್ಚಳ ತೆರೆಯದೆ ತಾನಾಗಿ ತಣಿಯಲು ಬಿಡಿ. ಪುಡಿ ಹಾಕುವುದು ತಣಿದ ಮೇಲೆ; ಹಾಕಿದ ಮೇಲೆ ಕುದಿಸಬಾರದು. ಐಸ್ ಹಾಕಬೇಡಿ. ಹೆಪ್ಪುಗಟ್ಟಿದರೆ ರೋಗಾಣು ಸಾಯುವುದಿಲ್ಲ. ತಣ್ಣಗೆ ಬೇಕೆಂದರೆ ಬಾಟಲಿಯನ್ನೇ ಫ್ರಿಜ್ಜಿನಲ್ಲಿಡಿ. ತಣ್ಣಗಿದ್ದರೆ ವಾಕರಿಕೆ ಕಡಿಮೆ, ಹಾಗೇ ಕುಡಿಯುವುದು ಒಳ್ಳೆಯದು. ಹಾಲು, ಜ್ಯೂಸ್, ಸೋಡಾಗೆ ಪುಡಿ ಬೆರೆಸಬೇಡಿ, ರುಚಿಗೆಂದು ಸಕ್ಕರೆ ಸೇರಿಸಬೇಡಿ. ಕಲಸಿದ ಸಮಯವನ್ನು ಬಾಟಲಿಯ ಮೇಲೆ ಬರೆಯಿರಿ; 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಿ.

ಪೊಟ್ಟಣ ಸಿಗಲೇ ಇಲ್ಲವೇ? ಒಂದು ಲೀಟರ್ ನೀರಿಗೆ ತಲೆ ಸವರಿದ ಆರು ಟೀ ಚಮಚ ಸಕ್ಕರೆ, ತಲೆ ಸವರಿದ ಅರ್ಧ ಟೀ ಚಮಚ ಉಪ್ಪು. ಚಮಚ 5 ಮಿ.ಲೀ.ಯದೇ ಆಗಿರಲಿ, ಊಟದ ಮೇಜಿನ ಚಮಚಗಳಿಗೆ ಅಳತೆಯ ಹಂಗಿಲ್ಲ. ಕಲಸಿ ನಾಲಿಗೆಗೆ ಹಚ್ಚಿ ನೋಡಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಮತ್ತೆ ಕಲಸಿ. ಇದರಲ್ಲಿ ಪೊಟ್ಯಾಸಿಯಂ ಇಲ್ಲ, ಸಿಟ್ರೇಟ್ ಇಲ್ಲ, ಆದ್ದರಿಂದ ಪೊಟ್ಟಣ ಸಿಗುವವರೆಗಿನ ವ್ಯವಸ್ಥೆ ಎಂದುಕೊಳ್ಳಿ. ಎಳನೀರಿನ ಕತೆ ಉಲ್ಟಾ: ಪೊಟ್ಯಾಸಿಯಂ ಧಾರಾಳ, ಸೋಡಿಯಂ ತೀರಾ ಕಡಿಮೆ. ಓಆರ್‌ಎಸ್ ನಡುವೆ ಒಂದು ಕುಡಿಯಬಹುದು, ಅದರ ಬದಲಿಗಲ್ಲ. ಕೋಲಾದಲ್ಲಿ ಲೀಟರಿಗೆ 100 ಗ್ರಾಂಗೂ ಹೆಚ್ಚು ಸಕ್ಕರೆ, ಉಪ್ಪು ಹೆಸರಿಗಷ್ಟೇ. ‘ಗ್ಯಾಸ್ ಹೋದ ಕೋಲಾ ಹೊಟ್ಟೆಗೆ ಒಳ್ಳೆಯದು’ ಎಂಬ ಸಲಹೆ ಕೊಡುವವರನ್ನು ದೂರವಿಡಿ. ಆಟಗಾರರ ಪಾನೀಯಗಳು ಬೆವರಿಗೆ ಮಾಡಿದವು, ಭೇದಿಗಲ್ಲ.

ಹಂತ 4: ಕುಡಿಯುವುದು

ವಾಂತಿಯಾದ ತಕ್ಷಣ ಕುಡಿಯಬೇಡಿ. 10 ನಿಮಿಷ ಬಿಡಿ. ಆಮೇಲೆ ಒಂದು ಚಮಚ, ಅಂದರೆ 5 ಮಿ.ಲೀ. ಮೊಬೈಲಿನಲ್ಲಿ ಟೈಮರ್ ಇಟ್ಟು ಒಂದೆರಡು ನಿಮಿಷಕ್ಕೊಂದು ಚಮಚ. ಇದೇನು ಲೆಕ್ಕಕ್ಕಿಲ್ಲ ಅನ್ನಿಸುತ್ತದೆ, ಆದರೆ ನಿಮಿಷಕ್ಕೊಂದರಂತೆ ಗಂಟೆಗೆ 300 ಮಿ.ಲೀ. ಒಳಹೋಗುತ್ತದೆ. ಲೋಟ ಕೈಗೆ ಕೊಟ್ಟರೆ ಬಾಯಾರಿದವರು ಒಂದೇ ಉಸಿರಿಗೆ ಮುಗಿಸುತ್ತಾರೆ, ಕೆರಳಿದ ಹೊಟ್ಟೆ ಅಷ್ಟನ್ನೂ ಹೊರಗೆ ತಳ್ಳುತ್ತದೆ. ಸ್ಟ್ರಾ ಕೂಡ ಬೇಡ. ಮಕ್ಕಳಿಗೆ ಸೂಜಿ ಇಲ್ಲದ ಸಿರಿಂಜಿನಲ್ಲಿ ಕೆನ್ನೆಯ ಒಳಬದಿಗೆ ಹಾಕುವುದು ಚಮಚಕ್ಕಿಂತ ಸಲೀಸು. ಮತ್ತೆ ವಾಂತಿಯಾದರೆ ಗಾಬರಿಪಡದೆ 10 ನಿಮಿಷ ಬಿಟ್ಟು, ಇನ್ನೂ ನಿಧಾನವಾಗಿ ಶುರುಮಾಡಿ, ಕುಡಿದದ್ದೆಲ್ಲ ಹೊರಬಂದಿರುವುದಿಲ್ಲ. ಒಂದು ಗಂಟೆ ವಾಂತಿ ಇಲ್ಲದಿದ್ದರೆ ಸಣ್ಣ ಗುಟುಕುಗಳಿಗೆ ಬನ್ನಿ.

ವಾಂತಿ ನಿಂತ ಮೇಲೆ ಪ್ರತಿ ಭೇದಿಗೆ ದೊಡ್ಡವರು 200–400 ಮಿ.ಲೀ., 2ರಿಂದ 10 ವರ್ಷದ ಮಕ್ಕಳು 100–200, ಅದಕ್ಕಿಂತ ಚಿಕ್ಕವರು 50–100 ಮಿ.ಲೀ. ಎದೆಹಾಲು ನಿಲ್ಲಿಸಬಾರದು.

ಓಆರ್‌ಎಸ್ ಭೇದಿಯನ್ನು ನಿಲ್ಲಿಸುವುದಿಲ್ಲ. ‘ಎರಡು ಬಾಟಲಿ ಕುಡಿದರೂ ನಿಲ್ಲಲಿಲ್ಲ’ ಎಂದು ಅರ್ಧಕ್ಕೇ ಬಿಡುವವರು ಅದರ ಕೆಲಸವನ್ನೇ ತಪ್ಪು ತಿಳಿದಿದ್ದಾರೆ. ಅಳೆಯಬೇಕಾದ್ದು ಮೂತ್ರವನ್ನು: ಮೂರ್ನಾಲ್ಕು ಗಂಟೆಗೊಮ್ಮೆ ತಿಳಿ ಹಳದಿ ಬಣ್ಣದಲ್ಲಿ ಹೋಗುತ್ತಿದ್ದರೆ ಸರಿದಾರಿಯಲ್ಲಿದ್ದೀರಿ.

ಹಂತ 5: ಮಾತ್ರೆಗಳು

ಭೇದಿ ಕಟ್ಟುವ ಲೊಪೆರಮೈಡ್ ರೋಗ ವಾಸಿ ಮಾಡುವುದಿಲ್ಲ, ಕರುಳಿನ ಓಟ ತಗ್ಗಿಸುತ್ತದೆ ಅಷ್ಟೇ. ಬಸ್ಸಿನಲ್ಲೋ ವಿಮಾನದಲ್ಲೋ ಕೂರಲೇಬೇಕಾದಾಗ ದೊಡ್ಡವರು ಮೊದಲು 2 ಮಿ.ಗ್ರಾಂನ ಎರಡು ಮಾತ್ರೆ, ನಂತರ ಪ್ರತಿ ಭೇದಿಗೆ ಒಂದು, ದಿನಕ್ಕೆ 8 ಮಿ.ಗ್ರಾಂ ಮೀರದಂತೆ, ಎರಡು ದಿನ ಮಾತ್ರ. ಮಲದಲ್ಲಿ ರಕ್ತವಿದ್ದರೆ, ಜ್ವರ ಜೋರಾಗಿದ್ದರೆ ಮುಟ್ಟಬೇಡಿ, ಮಕ್ಕಳಿಗೆ ಕೊಡಬೇಡಿ.

ಆ್ಯಂಟಿಬಯಾಟಿಕ್ ವಿಷಯದಲ್ಲಿ ಮಾತು ಖಡಾಖಂಡಿತ: ಸಾಧಾರಣ ಭೇದಿಗೆ ಬೇಡ. ವೈರಸ್ಸಿಗೆ ಅದು ಏನೂ ಮಾಡದು, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಮನೆಗೆ ಬರುವ ಸಾಧ್ಯತೆ ಮಾತ್ರ ಹೆಚ್ಚಾಗುತ್ತದೆ. ಕಳೆದ ಸಲ ಉಳಿದಿದ್ದ ಸಿಪ್ರೊಫ್ಲಾಕ್ಸಾಸಿನ್ ನುಂಗುವುದಂತೂ ವ್ಯರ್ಥ ಸಾಹಸ, ಅದಕ್ಕೆ ಬಗ್ಗದ ರೋಗಾಣುಗಳು ಎಲ್ಲೆಡೆ ಬೆಳೆದಿವೆ. ಇದ್ದಿಲಿನ ಮಾತ್ರೆಗೂ ಹಣ ಸುರಿಯಬೇಡಿ. ಅದು ನೀವು ನುಂಗುವ ಬೇರೆ ಔಷಧಗಳನ್ನೂ ಹೀರಿಕೊಳ್ಳಬಲ್ಲದು.

ಗರ್ಭನಿರೋಧಕ ಮಾತ್ರೆ ನುಂಗಿ ಮೂರು ಗಂಟೆಯೊಳಗೆ ವಾಂತಿಯಾದರೆ ಅದನ್ನು ತಪ್ಪಿದ ಮಾತ್ರೆ ಎಂದೇ ಲೆಕ್ಕ ಹಾಕಿ. ರಕ್ತದೊತ್ತಡ, ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಅದೇ ದಿನ ವೈದ್ಯರಿಗೆ ಫೋನ್ ಮಾಡಿ. ಮೈಯಲ್ಲಿ ನೀರು ಕಡಿಮೆಯಾದಾಗ ಇವುಗಳಲ್ಲಿ ಕೆಲವು ಮೂತ್ರಪಿಂಡಕ್ಕೆ ಹೊರೆಯಾಗುತ್ತವೆ.

ಹಂತ 6: ಊಟ

ಹಸಿವಾದ ಕೂಡಲೇ ತಿನ್ನಿ: ಅನ್ನ, ಬ್ರೆಡ್, ಬಾಳೆಹಣ್ಣು, ಬೇಯಿಸಿದ ಆಲೂಗಡ್ಡೆ. ಮದ್ಯ ಬೇಡ.

ಹಂತ 7: ಪಕ್ಕದವರಿಗೆ ಹಬ್ಬದಂತೆ

ಸ್ಯಾನಿಟೈಸರ್ ನೊರೊವೈರಸ್ಸನ್ನು ಸರಿಯಾಗಿ ಕೊಲ್ಲುವುದಿಲ್ಲ, ಸೋಪು–ನೀರೇ ಆಗಬೇಕು. ಭೇದಿ ಇರುವಾಗ ಈಜುಕೊಳಕ್ಕೆ ಇಳಿಯಬೇಡಿ. ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಕ್ಲೋರಿನ್ ಸರಿಯಾಗಿರುವ ನೀರಿನಲ್ಲೂ ವಾರಕ್ಕಿಂತ ಹೆಚ್ಚು ಬದುಕುತ್ತದೆ. ಚೆನ್ನಾಗಿದ್ದವರು ಜೋರು ಮಳೆಯಾದ ಎರಡು ಮೂರು ದಿನ ನದಿ ಅಥವಾ ಚರಂಡಿ ಸಮುದ್ರ ಸೇರುವ ಕಡೆ ಈಜದಿರಲಿ. ಬಫೆಯಲ್ಲಿ ಹಬೆಯಾಡದ ತಟ್ಟೆಯನ್ನು ಬಿಟ್ಟು ಮುಂದೆ ಹೋಗಲಿ. 32 ಡಿಗ್ರಿಗಿಂತ ಹೆಚ್ಚು ಸೆಖೆಯಲ್ಲಿ ಬೇಯಿಸಿದ್ದು ಹೊರಗೆ ಒಂದು ಗಂಟೆ ಇದ್ದರೇ ಹೆಚ್ಚು. ಹಸಿ ಸಿಂಪಿ ತಿನ್ನುವ ಆಸೆಯಿದ್ದರೆ ಬಿಡುವುದು ಮೇಲು.

ಹಂತ 8: ಆಸ್ಪತ್ರೆಗೆ ಯಾವಾಗ?

ಮಲದಲ್ಲಿ ರಕ್ತ, 38.5 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಚಮಚದ ಲೆಕ್ಕದಲ್ಲಿ ಕೊಟ್ಟರೂ ನಿಲ್ಲದ ವಾಂತಿ, ಎಂಟು ಗಂಟೆ ಮೂತ್ರವಿಲ್ಲದಿರುವುದು, ಎದ್ದು ನಿಂತರೆ ಕಣ್ಣು ಕತ್ತಲೆ, ಮಂಕು: ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ. ಕೂಸಿನ ಕಣ್ಣು ಗುಳಿ ಬಿದ್ದರೆ, ಅತ್ತರೆ ಕಣ್ಣೀರು ಬಾರದಿದ್ದರೆ, ಆರು ಗಂಟೆ ಡೈಪರ್ ಒದ್ದೆಯಾಗದಿದ್ದರೆ ಆಗಲೇ ಹೊರಡಿ. ಗರ್ಭಿಣಿಯರು, ವೃದ್ಧರು, ಮೂತ್ರಪಿಂಡದ ಕಾಯಿಲೆಯವರು ಮೊದಲ ದಿನವೇ ತೋರಿಸಿಕೊಳ್ಳಬೇಕು. ಉಳಿದವರು ಮೂರು ದಿನದಲ್ಲಿ ಕಡಿಮೆಯಾಗದಿದ್ದರೆ. ಮಲೇರಿಯಾ ಇರುವ ಪ್ರದೇಶದಲ್ಲಿ ಜ್ವರದ ಜೊತೆ ಭೇದಿಯಾದರೆ ರಕ್ತಪರೀಕ್ಷೆ ಮಾಡಿಸಲೇಬೇಕು, ಏಕೆಂದರೆ ಮಲೇರಿಯಾ ಕೂಡ ಹೊಟ್ಟೆ ಕೆಟ್ಟಂತೆ ಶುರುವಾಗಬಲ್ಲದು.

ಊರಿಗೆ ಮರಳಿದ ಮೇಲೂ ಎರಡು ವಾರ ಹೊಟ್ಟೆ ಉಬ್ಬರ, ದುರ್ವಾಸನೆಯ ತೇಗು, ಜಿಡ್ಡು ಮಲ ಮುಂದುವರಿದರೆ ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿ ಇರಬಹುದು. ಮಲಪರೀಕ್ಷೆಗೆ ಹೋದಾಗ ಎಲ್ಲಿಗೆ ಪ್ರವಾಸ ಹೋಗಿದ್ದಿರಿ ಎಂಬುದನ್ನು ವೈದ್ಯರಿಗೆ ಹೇಳಿ. ಒಂದೇ ಮಾದರಿಯಲ್ಲಿ ಅದು ಕಣ್ಣು ತಪ್ಪಿಸಬಹುದು. ಬೇರೆ ಬೇರೆ ದಿನದ ಮೂರು ಮಾದರಿ ಕೇಳಿದರೆ ಬೇಸರಪಡದೆ ಕೊಡಿ.