ಮೂರು ತಿಂಗಳು ತಪ್ಪು ಸೆಲ್‌ನಲ್ಲಿ ಹುಡುಕಿದೆ: ಪೆರಿಯೋಸ್ಟಿನ್ ಜೊತೆ ನನ್ನ ಅನುಭವ

ಗಡ್ಡೆಯ ತುಣುಕಿನಿಂದ ತೆಗೆದ ಆರ್‌ಎನ್‌ಎಯಲ್ಲಿ ಪೆರಿಯೋಸ್ಟಿನ್ ಎಂಬ ಪ್ರೋಟೀನಿನ ಜೀನ್ ಜೋರಾಗಿ ಕಾಣುತ್ತಿತ್ತು. ಅದೇ ಬಗೆಯ ಸ್ತನ ಕ್ಯಾನ್ಸರ್ ಸೆಲ್‌ಗಳನ್ನು ಪ್ಲೇಟಿನಲ್ಲಿ ಬೆಳೆಸಿ ಕ್ಯೂಪಿಸಿಆರ್ (ಜೀನಿನ ಆರ್‌ಎನ್‌ಎ ಎಷ್ಟಿದೆ ಅಂತ ಅಳೆಯುವ ಪರೀಕ್ಷೆ) ಮಾಡಿದರೆ ಸಿಟಿ, ಅಂದರೆ ಸಂಕೇತ ಕಾಣಲು ಬೇಕಾದ ಸುತ್ತುಗಳ ಸಂಖ್ಯೆ, 35ರ ಆಚೆ. ಅಂದರೆ ಇಲ್ಲ ಅಂತಲೇ ಲೆಕ್ಕ. ಆ ಪರೀಕ್ಷೆಯಲ್ಲಿ ಜೀನನ್ನು ಹಿಡಿಯುವ ಪ್ರೈಮರ್ (ಡಿಎನ್‌ಎಯ ಚಿಕ್ಕ ತುಂಡು) ಕೆಟ್ಟಿದೆ ಅಂದುಕೊಂಡು ಎರಡು ಸಲ ಹೊಸದು ತರಿಸಿದೆ. ಹೀಗೇ ಮೂರು ತಿಂಗಳು ಹೋಯಿತು. ಕೊನೆಗೆ ಲ್ಯಾಬಿನ ಹಿರಿಯರೊಬ್ಬರು, "ಸುಮ್ನೆ ಒಂದು ಸ್ಲೈಡಿಗೆ ಆಂಟಿಬಾಡಿ ಹಾಕಿ ನೋಡು" ಅಂದರು. ಗಡ್ಡೆಯ ಸ್ಲೈಡಿನಲ್ಲಿ ಆಂಟಿಬಾಡಿ ಪೆರಿಯೋಸ್ಟಿನ್‌ಗೆ ಅಂಟಿ ಬಣ್ಣ ಬಂದದ್ದು ಕ್ಯಾನ್ಸರ್ ಸೆಲ್‌ಗಳ ಗುಂಪಿನೊಳಗೆ ಅಲ್ಲ, ಅದರ ಸುತ್ತಲಿನ ನಾರಿನಲ್ಲಿ. ಪ್ರೈಮರ್ ಪಾಪ, ನಿಜವನ್ನೇ ಹೇಳುತ್ತಿತ್ತು.

ಆ ಸುತ್ತಲಿನ ಭಾಗವೇ ಸ್ಟ್ರೋಮಾ. ಅಲ್ಲಿನ ಮುಖ್ಯ ಕೆಲಸಗಾರ ಫೈಬ್ರೋಬ್ಲಾಸ್ಟ್, ಅಂದರೆ ನಾರು ನೇಯುವ ಸೆಲ್. ಪೆರಿಯೋಸ್ಟಿನ್ 1993ರಲ್ಲಿ ಇಲಿಯ ಮೂಳೆ ಸೆಲ್‌ಗಳಲ್ಲಿ ಸಿಕ್ಕಿತು, ಆಗ ಅದಕ್ಕೆ ಬೇರೆ ಹೆಸರಿತ್ತು. ಈಗಿನ ಹೆಸರು ಬಂದದ್ದು 1999ರಲ್ಲಿ, ಮೂಳೆಯ ಹೊರಪೊರೆಯಲ್ಲಿ ಕಂಡದ್ದರಿಂದ. ಚರ್ಮಕ್ಕೆ ಗಾಯವಾದಾಗ ಟಿಜಿಎಫ್-ಬೀಟಾ ಎಂಬ ಪ್ರೋಟೀನಿನ ಸಂಕೇತ ಸಿಕ್ಕ ಫೈಬ್ರೋಬ್ಲಾಸ್ಟ್‌ಗಳು ಇದನ್ನು ಹೊರಗೆ ಸುರಿಯುತ್ತವೆ, ಕೊಲಾಜನ್ ಎಳೆಗಳನ್ನು ಬಿಗಿಯುತ್ತವೆ. ಇಲಿಯ ಗಾಯದಲ್ಲಿ ಸುಮಾರು ಒಂದು ವಾರದ ಹೊತ್ತಿಗೆ ಇದು ಏರಿ, ಆಮೇಲೆ ಇಳಿಯುತ್ತದೆ. ಈ ಜೀನ್ ತೆಗೆದುಹಾಕಿದ ಇಲಿಗಳಲ್ಲಿ ಹೃದಯಾಘಾತದ ನಂತರ ಹೃದಯದ ಗೋಡೆಯೇ ಒಡೆದುಹೋಗುವುದು ಜಾಸ್ತಿ, ಯಾಕೆಂದರೆ ತೇಪೆ ಗಟ್ಟಿಯಾಗುವುದಿಲ್ಲ.

ಗಡ್ಡೆಯಲ್ಲೂ ಇದೇ ಕೆಲಸ, ಆದರೆ ಇಳಿಯುವುದೇ ಇಲ್ಲ. ಗಡ್ಡೆ ಅಂದರೆ ವಾಸಿಯಾಗದ ಗಾಯ ಅಂತ ರೋಗಶಾಸ್ತ್ರಜ್ಞ ಡ್ವೊರಾಕ್ 1986ರಲ್ಲೇ ಬರೆದಿದ್ದರು. ಸ್ತನದಿಂದ ಶ್ವಾಸಕೋಶಕ್ಕೆ ಹೋದ ಕ್ಯಾನ್ಸರ್ ಸೆಲ್ ಅಲ್ಲಿ ಬೇರೂರಬೇಕಾದರೆ ಅಲ್ಲಿನ ಸ್ಟ್ರೋಮಾ ಪೆರಿಯೋಸ್ಟಿನ್ ಕೊಡಬೇಕು ಅಂತ 2012ರಲ್ಲಿ ಇಲಿಗಳಲ್ಲಿ ತೋರಿಸಿದರು. ಇದನ್ನೆಲ್ಲ ನಾನು ಓದಿದ್ದೆ. ಓದಿಯೂ ಕ್ಯಾನ್ಸರ್ ಸೆಲ್‌ನಲ್ಲೇ ಹುಡುಕಿದೆ ಅನ್ನೋದು ಬೇರೆ ಮಾತು.

ಸರಿ, ಫೈಬ್ರೋಬ್ಲಾಸ್ಟ್‌ಗೆ ಬಂದೆ. ಎಸ್ಐಆರ್‌ಎನ್‌ಎ (ಒಂದು ಜೀನನ್ನು ಆರಿಸಿ ಅಡಗಿಸುವ ಚಿಕ್ಕ ಆರ್‌ಎನ್‌ಎ) ಹಾಕಿ ಜೀನ್ ಅಡಗಿಸಿ, 48 ಗಂಟೆ ಬಿಟ್ಟು, ಪಿಪೆಟ್ ತುದಿಯಿಂದ ಸೆಲ್‌ಗಳ ಹಾಸಿನಲ್ಲಿ ಗೀರು ಎಳೆದು, ಗೀರು ಎಷ್ಟು ಬೇಗ ಮುಚ್ಚುತ್ತದೆ ಅಂತ ನೋಡುವುದು ನನ್ನ ಯೋಜನೆ. ಆರ್‌ಎನ್‌ಎ ಚೆನ್ನಾಗಿ ಇಳಿದಿತ್ತು. ಗೀರು ಮಾತ್ರ ಕಂಟ್ರೋಲ್‌ನಷ್ಟೇ (ಜೀನ್ ಅಡಗಿಸದ ಸೆಲ್‌ಗಳಷ್ಟೇ) ವೇಗವಾಗಿ ಮುಚ್ಚಿತು! ಮೂರು ಸಲ ಮಾಡಿದರೂ ಅಷ್ಟೇ.

ಇಲ್ಲಿ ನನ್ನ ತಪ್ಪು ಒಂದಲ್ಲ. ಮೀಡಿಯಂನಲ್ಲಿ, ಅಂದರೆ ಸೆಲ್ ಬೆಳೆಸುವ ದ್ರವದಲ್ಲಿ, 10% ಸೀರಮ್ (ರಕ್ತದ ತಿಳಿ) ಇತ್ತು. ಸೀರಮ್‌ನಲ್ಲೇ ಬೆಳವಣಿಗೆಯ ಸಂಕೇತಗಳು ತುಂಬಿರುತ್ತವೆ, ಸೆಲ್‌ಗಳು ಓಡುತ್ತಲೂ ಇದ್ದವು, ಎರಡಾಗುತ್ತಲೂ ಇದ್ದವು, ಗೀರು ಮುಚ್ಚಿದ್ದು ಯಾವುದರಿಂದ ಅಂತ ಹೇಳುವ ದಾರಿಯೇ ಇರಲಿಲ್ಲ. ಸೀರಮ್ ಅನ್ನು 0.5%ಗೆ ಇಳಿಸಿದೆ, ಮೈಟೋಮೈಸಿನ್ ಹಾಕಿ ವಿಭಜನೆ ನಿಲ್ಲಿಸಿದೆ.

ಇದಕ್ಕಿಂತ ದೊಡ್ಡದು ಇನ್ನೊಂದು. ಪೆರಿಯೋಸ್ಟಿನ್ ಸೆಲ್‌ನ ಒಳಗೆ ಕೂರುವ ಪ್ರೋಟೀನ್ ಅಲ್ಲ, ಹೊರಗಿನ ಜಾಲದಲ್ಲಿ ಅಂಟಿಕೊಳ್ಳುವಂಥದ್ದು. ಜೀನ್ ಅಡಗಿಸುವ ಮೊದಲೇ ಸುರಿದದ್ದು ಪ್ಲೇಟಿನ ತಳದಲ್ಲಿ ಹಾಗೇ ಇರುತ್ತದೆ. ನಾನು ವೆಸ್ಟರ್ನ್ ಬ್ಲಾಟ್ (ಪ್ರೋಟೀನ್ ಗುರುತಿಸುವ ಪರೀಕ್ಷೆ) ಮಾಡುವಾಗ ಸೆಲ್‌ಗಳನ್ನು ಮಾತ್ರ ಕರಗಿಸಿ ತೆಗೆದು ತಳ ಎಸೆಯುತ್ತಿದ್ದೆ. ಒಮ್ಮೆ ತಳವನ್ನೂ ಕೆರೆದು ಹಾಕಿದರೆ, ಅಡಗಿಸಿದ್ದೇನೆ ಅಂದುಕೊಂಡಿದ್ದ ಪ್ರೋಟೀನಿನ ಬ್ಯಾಂಡ್ 90 ಕಿಲೋಡಾಲ್ಟನ್ ತೂಕದ ಹತ್ತಿರ ದಪ್ಪಗೆ ನಗುತ್ತಿತ್ತು. ಆಮೇಲಿಂದ ಜೀನ್ ಅಡಗಿಸಿದ ಸೆಲ್‌ಗಳನ್ನು ಎಬ್ಬಿಸಿ, ಹೊಸ ಪ್ಲೇಟಿಗೆ ಹಾಕಿಯೇ ಪ್ರಯೋಗ ಶುರು ಮಾಡುತ್ತೇನೆ.

ನಿಜವಾದ ಉತ್ತರ ಸಿಕ್ಕಿದ್ದು ಗೀರಿನಿಂದ ಅಲ್ಲ, ಕೊಲಾಜನ್ ಜೆಲ್‌ನಿಂದ. ಸೆಲ್‌ಗಳನ್ನು ಜೆಲ್ ಒಳಗೆ ಬೆರೆಸಿ, ಗಟ್ಟಿಯಾದ ಮೇಲೆ ಅಂಚು ಬಿಡಿಸಿದರೆ ಅವು ಅದನ್ನು ಎಳೆದು ಕುಗ್ಗಿಸುತ್ತವೆ. ಗಾಯ ಕೂಡುವಾಗ ಆಗುವುದೂ ಇದೇ ಅಲ್ವಾ? ಪೆರಿಯೋಸ್ಟಿನ್ ಇಲ್ಲದವು ಕಡಿಮೆ ಕುಗ್ಗಿಸಿದವು, ಟಿಜಿಎಫ್-ಬೀಟಾ ಕೊಟ್ಟರೂ. ಶುದ್ಧ ಪ್ರೋಟೀನನ್ನು ಜೆಲ್‌ಗೆ ಬೆರೆಸಿದಾಗ ಸ್ವಲ್ಪ ಮಟ್ಟಿಗೆ ಶಕ್ತಿ ವಾಪಸ್ ಬಂತು, ಪೂರ್ತಿ ಅಲ್ಲ. ಎರಡು ಬೇರೆ ಬೇರೆ ಎಸ್ಐಆರ್‌ಎನ್‌ಎಗಳಲ್ಲೂ ಇದೇ ಬಂದ ಮೇಲೆಯೇ ನಾನು ನಂಬಿದ್ದು. ಒಂದೇ ಎಸ್ಐಆರ್‌ಎನ್‌ಎ ಮೇಲೆ ಕಟ್ಟಿದ ಕಥೆಯನ್ನು ನಂಬಬೇಡಿ, ನಿಮ್ಮದೇ ಆದರೂ ಸರಿ. ಫೈಬ್ರೋಬ್ಲಾಸ್ಟ್‌ಗಳು ಹಳೆಯದಾದಷ್ಟೂ ಸ್ವಭಾವ ಬದಲಾಗುತ್ತದೆ, ಹಾಗಾಗಿ ಆರನೇ ಪ್ಯಾಸೇಜ್ (ಸೆಲ್‌ಗಳನ್ನು ಹೊಸ ಪ್ಲೇಟಿಗೆ ಬದಲಿಸುವ ಸುತ್ತು) ದಾಟಿದ್ದನ್ನು ನಾನು ಮುಟ್ಟುವುದಿಲ್ಲ.

ಹಾಗಾದರೆ ಕ್ಯಾನ್ಸರ್‌ನಲ್ಲಿ ಇದನ್ನು ತಡೆದುಬಿಟ್ಟರೆ ಆಯ್ತಲ್ಲ ಅಂತ ಕೇಳುವವರು ಇದ್ದಾರೆ. ಒಡೆದ ಹೃದಯದ ಗೋಡೆ ನೆನಪಾಗಿ ನನಗೆ ಅಷ್ಟು ಧೈರ್ಯ ಬರುವುದಿಲ್ಲ. ನನಗೀಗ ಬೇಕಿರುವುದು ಇಳಿಯುವ ಕಥೆ. ಟಿಜಿಎಫ್-ಬೀಟಾ ತೆಗೆದ ಮೇಲೆ ಸಾಮಾನ್ಯ ಫೈಬ್ರೋಬ್ಲಾಸ್ಟ್ ಎಷ್ಟು ದಿನದಲ್ಲಿ ಪೆರಿಯೋಸ್ಟಿನ್ ನಿಲ್ಲಿಸುತ್ತದೆ, ಗಡ್ಡೆಯಿಂದ ತೆಗೆದದ್ದು ಎಷ್ಟು ದಿನ ಮುಂದುವರಿಸುತ್ತದೆ? ಮೊದಲ ಸಲ ಎರಡೂ ನಿಲ್ಲಿಸಲಿಲ್ಲ. ಕಾರಣ ಪ್ಲೇಟ್ ಇರಬೇಕು. ಮೃದು ಅಂಗಾಂಶದ ಗಟ್ಟಿತನ ಕಿಲೋಪ್ಯಾಸ್ಕಲ್‌ಗಳಲ್ಲಿ, ಪ್ಲಾಸ್ಟಿಕ್‌ನದು ಗಿಗಾಪ್ಯಾಸ್ಕಲ್‌ಗಳಲ್ಲಿ. ಅಷ್ಟು ಗಟ್ಟಿ ನೆಲದ ಮೇಲೆ ನಿಂತ ಫೈಬ್ರೋಬ್ಲಾಸ್ಟ್‌ಗೆ ತಾನಿನ್ನೂ ಗಾಯದಲ್ಲೇ ಇದ್ದೇನೆ ಅನ್ನಿಸುತ್ತದೆ. ಈಗ ಮೆತ್ತನೆಯ ಜೆಲ್ ಹಾಸಿದ ಪ್ಲೇಟುಗಳಲ್ಲಿ ಮತ್ತೆ ಇಟ್ಟಿದ್ದೇನೆ, ಇವತ್ತಿಗೆ ನಾಲ್ಕನೇ ದಿನ.